ಮನೆಯಲ್ಲಿ ಚೀರಾಡಿ ಭಾನುವಾರ ಪ್ರೀತಿಯ ಪಾಠ ಹೇಳೋದು ಹೇಗೆ? ಅನುಭವ ಇದ್ದವರು ಹೇಳಿ

ಮೈಸೂರಿನಿಂದ ಕೇಳಿದವರು:

ಒಂಬತ್ತು ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್ ನಾನು. ಅತ್ತೆಗೆ ಮರೆವಿನ ಕಾಯಿಲೆ. "ಮಗ ಬಂದ್ನಾ?" ಅಂತ ಸಂಜೆಯಿಂದ ಮಲಗೋ ತನಕ ಕೇಳ್ತಾನೇ ಇರ್ತಾರೆ, ಮಗ ಎದುರಿಗೇ ಕೂತಿದ್ರೂ. ಹೋದ ವಾರ ತಡೆಯಲಾರದೆ ಚೀರಿದೆ. ಕೈ ಹಿಡಿದು ಎಳೆದು ಮಂಚದ ಮೇಲೆ ಕೂರಿಸಿದೆ. ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಬಿತ್ತು. ಆ ಭಾನುವಾರ ಮಕ್ಕಳಿಗೆ ಕಂಠಪಾಠ ಬೈಬಲ್ಲಿನ 1 ಕೊರಿಂಥ 13. "ಪ್ರೀತಿ ಬಹು ತಾಳ್ಮೆಯುಳ್ಳದ್ದು" ಅಂತ ಹೇಳಿಕೊಡುವಾಗ ಬಾಯಿ ಒಣಗಿತು. ಕರ್ತನ ಭೋಜನಕ್ಕೂ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು) ಏಳಲಿಲ್ಲ. ಟೀಚರ್ ಕೆಲಸ ಬಿಟ್ಟುಬಿಡಲಾ? "ಪ್ರಾರ್ಥನೆ ಮಾಡಿ" ಅನ್ನೋ ಉತ್ತರ ಬೇಡ, ಮಾಡ್ತಾ ಇದೀನಿ. ಇಂಥದ್ದು ದಾಟಿದವರು ಏನು ಮಾಡಿದ್ರಿ ಹೇಳಿ.

ಉಡುಪಿ ಕಡೆಯವ:

ಅಕ್ಕ, ನಾನು ಎರಡು ವರ್ಷ ಆ ಭೋಜನದ ಸಂಸ್ಕಾರ ತೆಗೆದುಕೊಳ್ಳದೆ ಕೂತವ. ನನ್ನದು ಅಣ್ಣನ ಜೊತೆ ಪಾಲಿನ ಗಲಾಟೆ. ನಮ್ಮ ಬೆಂಚಿನ ಸರದಿ ಬರುವಾಗ ಫೋನು ಬಂದವರ ಹಾಗೆ ಹೊರಗೆ ಹೋಗಿ ತೆಂಗಿನಮರದ ಬುಡದಲ್ಲಿ ನಿಲ್ಲುವುದು. ಫೋನು ಒಂದು ದಿನವೂ ಬಂದದ್ದಿಲ್ಲ. ನಾನು ಯೋಗ್ಯನಲ್ಲ, ಹಾಗಾಗಿ ದೂರ ಇದ್ದೇನೆ ಎಂದು ನನ್ನ ಲೆಕ್ಕ. ಅದು ವಿನಯ ಅಲ್ಲ ಮಾರಾಯ್ರೆ, ಸೊಕ್ಕು. ಹತ್ತಿರ ಹೋದರೆ ಅಣ್ಣನ ಮನೆಗೂ ಹೋಗಬೇಕಾಗ್ತದಲ್ಲ, ಅದು ನನಗೆ ಬೇಡ ಇತ್ತು. ಮತ್ತಾಯ 5:23–24 ಉಂಟಲ್ಲ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಅಂತ. ಅದರಲ್ಲಿ ನಾನು ಅರ್ಧ ಮಾತ್ರ ಮಾಡಿದ್ದೆ. ವೇದಿ ಬಿಟ್ಟದ್ದು ಹೌದು, ಹೋದದ್ದು ಮಾತ್ರ ತೆಂಗಿನಮರದ ಬುಡಕ್ಕೆ.

ಕೊನೆಗೆ ಒಂದು ಶನಿವಾರ ಅಣ್ಣನಲ್ಲಿಗೆ ಹೋದೆ. ಬಾಗಿಲಲ್ಲೇ ನಿಂತು "ಕಾಗದ ತಂದಿದ್ದೀಯಾ?" ಎಂದ. ಇಲ್ಲ ಎಂದೆ. ಅತ್ತಿಗೆ ಚಾ ತಂದಿಟ್ಟರು. ಚಾದ ಮೇಲೆ ಕೆನೆ ಕಟ್ಟುವವರೆಗೆ ಇಬ್ಬರದ್ದೂ ಮಾತಿಲ್ಲ. ಎರಡು ವರ್ಷ ನಿನ್ನ ಹೆಸರು ಹಾಳು ಮಾಡಿದ್ದೇನೆ, ಅದು ತಪ್ಪು ಎಂದು ಹೇಳಿ ಎದ್ದು ಬಂದೆ. ಅವನು ಏನೂ ಹೇಳಲಿಲ್ಲ. ಪಾಲು ಇವತ್ತಿಗೂ ಆಗಿಲ್ಲ, ಕೇಸು ನಡೀತಾ ಉಂಟು. ಆದರೆ ವಾಯಿದೆಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗ್ತೇವೆ.

ಇನ್ನೊಂದು, ಯೇಸುಸ್ವಾಮಿಯ ಶಿಷ್ಯ ಪೇತ್ರನದ್ದು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸ್ತಾ "ಅವನ ಶಿಷ್ಯ ನಾನಲ್ಲ" ಎಂದದ್ದು ಇದ್ದಲಿನ ಬೆಂಕಿಯ ಹತ್ತಿರ, ಯೋಹಾನ 18:18. ಮತ್ತೆ 21:9ಕ್ಕೆ ಬನ್ನಿ. ಸತ್ತು ಎದ್ದು ಬಂದ ಯೇಸುಸ್ವಾಮಿ ದಡದಲ್ಲಿ ಇದ್ದಲಿನ ಬೆಂಕಿ ಮಾಡಿ ಅದರ ಮೇಲೆ ಮೀನು ಇಟ್ಟಿದ್ದಾರೆ. ಇದ್ದಲಿನ ಬೆಂಕಿಗೆ ಇರುವ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಮೀನು ಸುಟ್ಟ ವಾಸನೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾ? ಪೇತ್ರನಿಗೆ ಆ ಇದ್ದಲಿನ ಹೊಗೆಗೇ ಆ ರಾತ್ರಿ ನೆನಪಾಗಿರಬೇಕು, ಇದು ನನ್ನ ಊಹೆ. ಯಾಕೆ ಓಡಿಹೋದೆ ಎಂದು ಕೇಳಲಿಲ್ಲ. ಮೊದಲು ಊಟ ಕೊಟ್ಟರು, ಆಮೇಲೆ ಮೂರು ಸಲ ನನ್ನನ್ನು ಪ್ರೀತಿಸುತ್ತೀಯಾ ಎಂದು ಪ್ರಶ್ನೆ, ಮೂರು ಸಲವೂ ಕೆಲಸ: ನನ್ನ ಕುರಿಗಳನ್ನು ನೋಡಿಕೋ. ಪೇತ್ರನನ್ನು ಕೆಲಸದಿಂದ ತೆಗೆಯಲಿಲ್ಲವಲ್ಲ ಅಕ್ಕ. ನೀವು ಅತ್ತೆಯ ಹತ್ತಿರ ಕ್ಷಮೆ ಕೇಳಿ. ಅವರಿಗೆ ನೆನಪಿಲ್ಲದಿದ್ದರೂ ಬಾಯಿಬಿಟ್ಟು ಕೇಳಿ.

ಮಂಗಳೂರು, ನರ್ಸ್:

ನಾನು ಕಥೊಲಿಕ್. ನನ್ನದೂ ಸಿಟ್ಟೇ. ತಿಂಗಳು ತಿಂಗಳು ಕುಮ್ಸಾರಿಗೆ (ಫಾದರ್ ಹತ್ತಿರ ಪಾಪ ಒಪ್ಪಿಕೊಳ್ಳುವುದು) ಹೋಗಿ ಅದೇ ಪಾಪ ಹೇಳಿ ನಾಚಿಕೆಯಾಗಿ, ಗುರುತಿಲ್ಲದ ಬೇರೆ ಇಗರ್ಜಿಗೆ ಹೋದೆ. ಅಲ್ಲಿನ ವಯಸ್ಸಾದ ಫಾದರ್ ಬೈಯಲಿಲ್ಲ. "ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ?" ಕೇಳಿದರು. ಗೊತ್ತಿರಲಿಲ್ಲ.

ಅವರು ಹೇಳಿಕೊಟ್ಟದ್ದು 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲರ ಕ್ರಮ. ಒಂದೇ ಒಂದು ದೋಷ ಆರಿಸಿಕೊಳ್ಳುವುದು. ದಿನಕ್ಕೆ ಎರಡು ಗೆರೆ: ಎದ್ದಲ್ಲಿಂದ ಮಧ್ಯಾಹ್ನದವರೆಗೆ ಒಂದು, ಅಲ್ಲಿಂದ ರಾತ್ರಿವರೆಗೆ ಒಂದು. ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆ. ನಿನ್ನೆಗೆ ಇಂದು, ಹೋದ ವಾರಕ್ಕೆ ಈ ವಾರ ಹೋಲಿಸುವುದು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಹಾಕಿದೆ. ಹಾಲಿನ ಲೆಕ್ಕ ಅಂತ ಮನೆಯವರು ತಿಳಿದುಕೊಂಡರು! ಎರಡು ವಾರದಲ್ಲಿ ಗೊತ್ತಾಯ್ತು, ಬೆಳಗಿನ ಗೆರೆ ಹೆಚ್ಚುಕಡಿಮೆ ಖಾಲಿ. ಚುಕ್ಕೆಯೆಲ್ಲ ನೈಟ್ ಡ್ಯೂಟಿ ಮುಗಿಸಿ ಬಂದ ದಿನದ ಸಂಜೆ. ನಾನು ಕೆಟ್ಟವಳು ಎಂದು ಅಳುತ್ತಾ ಕೂತಿದ್ದರೆ ಅದು ಕಾಣ್ತಿರಲಿಲ್ಲ. ಚುಕ್ಕೆ ಈಗಲೂ ಬೀಳ್ತವೆ, ಹೋದ ತಿಂಗಳು ಹತ್ತೊಂಬತ್ತು.

ಮರೆವಿನ ಕಾಯಿಲೆಯವರಿಗೆ ಸಂಜೆ ಗಲಿಬಿಲಿ ಜಾಸ್ತಿ. ವಾರ್ಡಿನಲ್ಲಿ ದಿನಾ ನೋಡ್ತೇವೆ. ಕತ್ತಲಾಗುವ ಮೊದಲೇ ಲೈಟು ಹಾಕಿ. "ಆಗಲೇ ಹೇಳಿದ್ನಲ್ಲ" ಎನ್ನಬೇಡಿ, ಅವರ ಮಟ್ಟಿಗೆ ನೀವು ಹೇಳಿಯೇ ಇಲ್ಲ.

ಹುಬ್ಬಳ್ಳಿ:

ಎಲ್ಲಾರೂ ಚಲೋ ಹೇಳ್ಯಾರ. ನಾ ಒಂದ್ ಅಡ್ಡ ಮಾತ್ ಹೇಳ್ತೀನಿ, ಸಿಟ್ಟ್ ಮಾಡ್ಕೋಬ್ಯಾಡ್ರಿ. ಕುಡಿಯೂ ಕಾಲಕ್ಕ ನಾ ಕ್ವಾಯರ್ ಬಿಟ್ಟಿದ್ದೆ, ಆರ್ ತಿಂಗಳ. ಚರ್ಚಿನ ಅಯ್ಯನೋರ ಕಡೆ ನಾನ ಹೋಗಿ ಹೇಳಿ ಬಿಟ್ಟಿದ್ದು. ಅದರಾಗ ಏನೂ ತಪ್ಪಿಲ್ಲ. ಆದ್ರ ಚರ್ಚ್ ಬಿಡಲಿಲ್ಲ, ಹಿಂದಿನ ಬೆಂಚಿನ್ಯಾಗ ಕುಂತು ಹಾಡ್ತಿದ್ದೆ. ನೀವೂ ದಣದಿದ್ರ ಎರಡ್ ತಿಂಗಳ ಬಿಡ್ರಿ, ನಾಚಿಕಿಗೆ ಬಿಡಬ್ಯಾಡ್ರಿ.

ಮತ್ತ ಒಂದ್ ಕೇಳ್ತೀನಿ. ಮಗ ಎದುರಿಗೇ ಕುಂತಿರ್ತಾರ ಅಂದ್ರಿ. ಸಂಜಿಕ ಅವರ್ ಏನ್ ಮಾಡ್ತಾರ್ರೀ?

ಮೈಸೂರಿನಿಂದ ಕೇಳಿದವರು:

ಹುಬ್ಬಳ್ಳಿಯವರ ಪ್ರಶ್ನೆಯನ್ನ ನಮ್ಮೆಜಮಾನ್ರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಟಿವಿ ನೋಡಿದ್ರು, ಆಮೇಲೆ ಆರಿಸಿದ್ರು. ಮಂಗಳವಾರ, ಶುಕ್ರವಾರ ಸಂಜೆ ಈಗ ಅವರದ್ದು.

ಅತ್ತೆ ಹತ್ರ ಕ್ಷಮೆ ಕೇಳಿದೆ. "ಯಾಕಮ್ಮ, ಏನ್ ಮಾಡ್ದೆ?" ಅಂತ ನನ್ನ ತಲೆ ಸವರಿದ್ರು. ಐದು ನಿಮಿಷಕ್ಕೆ ಮತ್ತೆ "ಮಗ ಬಂದ್ನಾ?"

ಕ್ಯಾಲೆಂಡರಿನಲ್ಲಿ ನಿನ್ನೆ ಮೂರು ಚುಕ್ಕೆ. ಟೀಚರ್ ಕೆಲಸ ಸದ್ಯಕ್ಕೆ ಬಿಡ್ತಿಲ್ಲ. ಈ ಭಾನುವಾರ ಯೋಹಾನ 21 ಹೇಳಿಕೊಡೋಣ ಅಂತ ಚಾರ್ಟ್ ಪೇಪರ್ ತಂದಿದ್ದೀನಿ. ಬಲೆಯಲ್ಲಿ 153 ಮೀನು ಅಂತ ಬರೆದಿದೆ, ಅಷ್ಟೂ ಬಿಡಿಸಬೇಕಂತೆ ಮಕ್ಕಳಿಗೆ.