ಅಜ್ಜಿ ಆಡಿದ ಮಾತನ್ನು ಎಐ ತಿದ್ದಿದೆ, ಹಾಗೇ ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ವಿಜಯಪುರದಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೇನೆ. ಇಲ್ಲಿನ ಹಳೇ ಬಾವಿ ತಾಜ್ ಬಾವಡಿ ಮೇಲೆ ಪ್ರಾಜೆಕ್ಟ್. ಸುತ್ತಲಿನ ಓಣಿಯ ಹಿರಿಯರನ್ನು ನಾನೇ ಮಾತಾಡಿಸಿ ಬರೆದುಕೊಂಡೆ. ಆಮೇಲೆ ಭಾಷೆ ಚಂದ ಆಗಲಿ ಅಂತ ಚಾಟ್‌ಜಿಪಿಟಿಗೆ ಕೊಟ್ಟು ತಿದ್ದಿಸಿದೆ. ಗ್ರಂಥಸೂಚಿಯ ಎರಡು ಪುಸ್ತಕವನ್ನೂ ಅದೇ ಕೊಟ್ಟಿತು. ಇದು ಕಾಪಿನಾ? ಸಾಫ್ಟ್‌ವೇರ್‌ನಲ್ಲಿ ಸಿಕ್ಕಿಬೀಳುತ್ತೇನಾ? ಮೊದಲಿನದು, ತಿದ್ದಿದ್ದು, ಎರಡೂ ಪುಟ ಹಾಕಿದ್ದೇನೆ.

ಉತ್ತರ (ಕಾಲೇಜು ಲೈಬ್ರರಿಯನ್): ತಂಗಿ, ಸಿಕ್ಕಿಬೀಳುವ ಮಾತು ಮೊದಲು ಮುಗಿಸೋಣ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅದು ಬೇರೆಯವರ ಬರಹದ ಜೊತೆಗಿನ ಹೋಲಿಕೆಯ ಲೆಕ್ಕ. ಎಐ ಬರೆದಿದ್ದನ್ನು ಹಿಡಿಯುವ ಸಾಫ್ಟ್‌ವೇರ್ ನಂಬುವಂಥದ್ದಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ತಂದು, ಸರಿಯಾಗಿ ಹಿಡಿಯುತ್ತಿಲ್ಲ ಅಂತ ಜುಲೈನಲ್ಲಿ ವಾಪಸ್ ತಗೊಂಡಿತು.

ನನಗೆ ನೋವಾಗಿದ್ದು ಬೇರೆ ಕಡೆ. ನಿಮ್ಮ ಮೊದಲ ಪುಟದಲ್ಲಿ ಅಜ್ಜಿಯೊಬ್ಬರ ಮಾತಿದೆ: “ಬಾವಡಿ ನೀರ ಭಾಳ ಸವಿ ಇತ್ತವ್ವಾ, ಬ್ಯಾಳಿ ಲಗೂನ ಕುದೀತಿತ್ತು.” ತಿದ್ದಿದ ಪುಟದಲ್ಲಿ ಅದು “ಬಾವಿಯ ಜಲದ ಗುಣಮಟ್ಟ ಅತ್ಯುತ್ತಮವಾಗಿತ್ತು” ಆಗಿದೆ. ಅದೂ ಉದ್ಧರಣ ಚಿಹ್ನೆಯ ಒಳಗೆ! ಅಜ್ಜಿ ಹಾಗೆ ಹೇಳಲೇ ಇಲ್ಲ ಅಲ್ವಾ? ಬೇಳೆ ಹೋಯ್ತು. ಗಡಸು ನೀರಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅಂದರೆ ಆ ಬಾವಡಿಯ ನೀರು ಎಂಥದ್ದು ಅನ್ನೋ ಸಾಕ್ಷಿಯೇ ಅಳಿಸಿ ಹೋಯ್ತು. ಬಾವಡಿಯನ್ನು 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದರು ಅನ್ನೋದು ಪುಸ್ತಕದಲ್ಲಿ ಸಿಗುತ್ತದೆ. ಈ ಬೇಳೆ ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ.

ಕಾಗುಣಿತ ತಿದ್ದಿಸಿ, ತಪ್ಪಲ್ಲ. ಹಿರಿಯರ ಮಾತು ಮಾತ್ರ ಇದ್ದ ಹಾಗೇ ಇರಲಿ. ಆ ಎರಡು ಪುಸ್ತಕ ಕೈಯಲ್ಲಿ ಹಿಡಿದು ನೋಡಿದ್ದೀರಾ?

ಪ್ರಶ್ನೆ: ಇಲ್ಲ ಸರ್. ಈಗ ಹುಡುಕಿದೆ. ಒಂದು ಎಲ್ಲೂ ಸಿಗಲಿಲ್ಲ. ಇನ್ನೊಂದರ ಲೇಖಕರು ನಿಜವಾಗಿ ಇದ್ದಾರೆ, ಆದರೆ ಅವರ ಪುಸ್ತಕಗಳಲ್ಲಿ ಈ ಹೆಸರಿನದು ಕಾಣಲಿಲ್ಲ. ಗೈಡ್‌ಗೆ ಹೇಳಲಾ? ಅಂಕ ಕಡಿಮೆ ಮಾಡಿದರೆ?

ಉತ್ತರ: ಎರಡನ್ನೂ ತೆಗೆದುಹಾಕಿ. ಆ ಯಂತ್ರ ನಿಜವಾದ ಹೆಸರಿಗೆ ಇಲ್ಲದ ಪುಸ್ತಕ ಅಂಟಿಸುವುದನ್ನು ಜಾಸ್ತಿ ನೋಡಿದ್ದೇನೆ. ಗೈಡ್‌ಗೆ ನೀವೇ ಹೋಗಿ ಹೇಳಿ, ಅವರಾಗಿ ಕೇಳುವವರೆಗೆ ಕಾಯಬೇಡಿ. ಏನನ್ನು ಯಾವುದರಿಂದ ತಿದ್ದಿಸಿದೆ ಅಂತ ಮುನ್ನುಡಿಯಲ್ಲಿ ಎರಡು ಸಾಲು ಬರೆಯಿರಿ. ಅವರು ಬೇಡವೇ ಬೇಡ ಅಂದರೆ ನಿಮ್ಮ ಮೊದಲ ಪುಟಗಳನ್ನೇ ಕೊಡಿ, ಅವು ಚೆನ್ನಾಗಿವೆ. ಅಂಕ ಎರಡು ಕಡಿಮೆ ಬರಬಹುದು, ಬರಲಿ.

ಬೈಂಡಿಂಗ್‌ಗೆ ಕೊಡುವ ಮುಂಚೆ ಆ ಅಜ್ಜಿಯ ಮನೆಗೆ ಹೋಗಿ, ಅವರ ಮಾತನ್ನು ಅವರಿಗೇ ಓದಿ ಹೇಳಿ.