ಸತ್ತ ಕುದುರೆಗೆ ಚಾಟಿ: ಬಳಸಿ ಪೆಟ್ಟು ತಿಂದವರಿದ್ದೀರಾ?

ಮೀಟಿಂಗ್‌ನಲ್ಲಿ ಬಾಸ್ ‘ಲೆಟ್ಸ್ ನಾಟ್ ಫ್ಲಾಗ್ ಎ ಡೆಡ್ ಹಾರ್ಸ್’ ಅಂದರು (ಫ್ಲಾಗ್ ಅಂದರೆ flog, ಚಾಟಿಯಿಂದ ಹೊಡೆಯೋದು). ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಅರ್ಥ ಆಗಿದ್ದು ಅರ್ಧ ಮಾತ್ರ. ಇದನ್ನು ಎಲ್ಲಿ ಬಳಸಬಹುದು? ಅನುಭವ ಇದ್ದವರು ಹೇಳಿ.

— ಪೆಟ್ಟು ತಿಂದವನು ನಾನೇ. ಒಂದು ವರದಿಯ ಶೀರ್ಷಿಕೆ ಎಲ್ಲರೂ ಒಪ್ಪಿ ಮುಗಿದಿತ್ತು. ಜೊತೆಗೆ ಕೆಲಸ ಮಾಡುವವರೊಬ್ಬರು ಬದಲಿಸೋಣ ಅಂತ ಮೂರನೇ ಮೇಲ್ ಹಾಕಿದರು. ನಾನು ಜಾಣನಂತೆ ‘ಯು ಆರ್ ಫ್ಲಾಗಿಂಗ್ ಎ ಡೆಡ್ ಹಾರ್ಸ್’ ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ‘ಮುಗಿದ ವಿಷಯ, ಬಿಡಿ’. ಅವರಿಗೆ ಕೇಳಿಸಿದ್ದು ‘ನಿಮಗೆ ಅಷ್ಟೂ ಗೊತ್ತಾಗಲ್ವಾ’. ಎರಡು ದಿನ ಮಾತಿಲ್ಲ! ಈಗ ನನ್ನ ಬಗ್ಗೆ ಮಾತ್ರ ಹೇಳಿಕೊಳ್ಳುತ್ತೇನೆ: ‘ಐ ಡೋಂಟ್ ವಾಂಟ್ ಟು ಫ್ಲಾಗ್ ಎ ಡೆಡ್ ಹಾರ್ಸ್, ಬಟ್...’ ನಿಮ್ಮ ಬಾಸ್ ಕೂಡ ‘ಲೆಟ್ಸ್’ ಅಂದಿದ್ದಾರೆ ನೋಡಿ. ತಮ್ಮನ್ನೂ ಸೇರಿಸಿಕೊಂಡರು, ಯಾರಿಗೂ ನೋವಾಗಲಿಲ್ಲ.

— ಇದಕ್ಕೆ ‘ಗೋರ್ಕಲ್ಲ ಮೇಲೆ ಮಳೆ ಸುರಿದಂತೆ’ ಅಂತ ಅನುವಾದ ಮಾಡುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಗೋರ್ಕಲ್ಲು ಅಂದರೆ ಎಷ್ಟು ಹೇಳಿದರೂ ಕೇಳದ ಮನುಷ್ಯ. ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ’ ಅಂದರೆ ಹಾಕಿದ್ದೆಲ್ಲ ಎಲ್ಲೋ ಕರಗಿ ಹೋಯಿತು ಅಂತ. ಸತ್ತ ಕುದುರೆ ಬೇರೆ. ಅದು ಒಂದು ಕಾಲದಲ್ಲಿ ಓಡಿತ್ತು, ಅಲ್ವಾ? ಹಿಂದೆ ಜೀವ ಇದ್ದು ಈಗ ಮುಗಿದುಹೋದ ಚರ್ಚೆ, ಯೋಜನೆ, ಬೇಡಿಕೆ ಇಂಥದ್ದಕ್ಕೆ ಅದು ಸರಿ. ಇಲ್ಲದ್ದನ್ನು ಹುಡುಕಿ ಅಲೆದರೆ ‘ವೈಲ್ಡ್ ಗೂಸ್ ಚೇಸ್’. ಅದೇ ಬೇರೆ ಕಥೆ.

— ಹಿಂದೆ ಬ್ರಿಟಿಷ್ ನಾವಿಕರು ಮುಂಗಡ ಸಂಬಳ ತಗೊಂಡು ಹಡಗು ಹತ್ತುತ್ತಿದ್ದರು. ಮೊದಲ ತಿಂಗಳೆಲ್ಲ ಆಗಲೇ ಖರ್ಚಾದ ದುಡ್ಡಿಗೆ ದುಡಿಮೆ. ಆ ಬಾಕಿಯನ್ನು ‘ಡೆಡ್ ಹಾರ್ಸ್’ ಅನ್ನುತ್ತಿದ್ದರು. ಅದು ತೀರಿದ ದಿನ ಕುದುರೆಯ ಬೊಂಬೆ ಮಾಡಿ ಸಮುದ್ರಕ್ಕೆ ಎಸೆಯುತ್ತಿದ್ದರು. ನುಡಿಗಟ್ಟು ಅಲ್ಲಿಂದಲೇ ಹುಟ್ಟಿತು ಅನ್ನೋದು ಬರೀ ಊಹೆ. ಆದರೂ ಕೇಳಿದ ಮೇಲೆ ಮರೆತಿಲ್ಲ.

— ಅಮೆರಿಕದವರು ಜಾಸ್ತಿ ‘ಬೀಟಿಂಗ್’ ಅನ್ನುತ್ತಾರೆ, ಅರ್ಥ ಒಂದೇ. ‘ಫ್ಲಾಗಿಂಗ್’ ಬರೆಯುವಾಗ ಸ್ಪೆಲ್ಲಿಂಗ್ ನೋಡಿಕೊಳ್ಳಿ. ನಾನು ಅವಸರದಲ್ಲಿ ‘ಒ’ ಬದಲು ‘ಎ’ ಒತ್ತಿ ಕಳಿಸಿಬಿಟ್ಟೆ. ಮೇಲಧಿಕಾರಿಯಿಂದ ಒಂದೇ ಸಾಲಿನ ಉತ್ತರ ಬಂತು: ‘ಸತ್ತ ಕುದುರೆಗೆ ಬಾವುಟ ಯಾಕೆ?’