ಪುಣೆಯಲ್ಲಿ ಮಳೆ, ಮುಂಬೈ ರೇಡಾರ್ ಚಿತ್ರ ಖಾಲಿ. ಯಾಕೆ?

ಕೋಥ್ರೂಡ್ ಕನ್ನಡಿಗ:
ಬೆಳಗಿನಿಂದ ಜಿಟಿಜಿಟಿ ಮಳೆ, ಬಟ್ಟೆ ಒಣಗುತ್ತಿಲ್ಲ. ಮುಂಬೈನ ಕೊಲಾಬಾ ಹವಾಮಾನ ರೇಡಾರ್ ಚಿತ್ರದಲ್ಲಿ ಮಾತ್ರ ಪುಣೆ ಮೇಲೆ ಒಂದು ಚುಕ್ಕೆಯೂ ಇಲ್ಲ. ಕ್ಯಾಶ್ ಅಳಿಸಿದೆ, ಬ್ರೌಸರ್ ಬದಲಿಸಿದೆ. ಚಿತ್ರದ ಮೇಲಿನ ಯುಟಿಸಿಗೆ (ಅಂತರರಾಷ್ಟ್ರೀಯ ಸಮಯ) ಐದೂವರೆ ಗಂಟೆ ಸೇರಿಸಿಯೇ ಸಮಯ ನೋಡಿದ್ದು. ರೇಡಾರ್ ಕೆಟ್ಟಿದೆಯಾ?

ಡೊಂಬಿವಲಿ ಡಿಶ್:
ಥಾಣೆ, ಪನ್ವೇಲ್ ಕಡೆ ಬಣ್ಣ ಇದೆಯಾ?

ಕೋಥ್ರೂಡ್ ಕನ್ನಡಿಗ:
ಇದೆ ಸರ್. ಹಸಿರು, ಅಲ್ಲಲ್ಲಿ ಹಳದಿ.

ಡೊಂಬಿವಲಿ ಡಿಶ್:
ಹಾಗಾದರೆ ರೇಡಾರ್ ಚೆನ್ನಾಗಿಯೇ ಇದೆ. ಕಿರಣ ನಿಮ್ಮ ಮಳೆಯ ತಲೆ ಮೇಲಿಂದ ಹಾದು ಹೋಗುತ್ತಿದೆ, ಅಷ್ಟೇ.

ಲೆಕ್ಕ ಹಾಕಿ. ರೇಡಾರಿನ ಅತಿ ಕೆಳಗಿನ ಸುತ್ತಿನಲ್ಲಿ ಕಿರಣ ನೆಲಮಟ್ಟದಿಂದ 0.5 ಡಿಗ್ರಿ ಮೇಲಕ್ಕೆ ಓರೆ ಅಂತ ಇಟ್ಟುಕೊಳ್ಳಿ. 120 ಕಿ.ಮೀ. ದೂರದ ಪುಣೆಗೆ ಬರುವಷ್ಟರಲ್ಲಿ ಕಿರಣದ ನಡುಭಾಗ ಸಮುದ್ರ ಮಟ್ಟದಿಂದ ಸುಮಾರು 1.9 ಕಿ.ಮೀ. ಮೇಲಿರುತ್ತದೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಭೂಮಿ ದುಂಡಗಿರುವುದರ ಕಾಣಿಕೆ. ಕಿರಣದ ಕೆಳಭಾಗವನ್ನು ಲೋನಾವಳ ಹತ್ತಿರ ಸಹ್ಯಾದ್ರಿಯೇ ತಿಂದುಹಾಕಿರುತ್ತದೆ. ಅಲ್ಲಿನ ಲೋಹಗಡವೇ 1,000 ಮೀಟರ್ ದಾಟುತ್ತದೆ, ಅಲ್ವಾ?

ಇನ್ನೊಂದು ತೊಡಕು ಹನಿಯ ಗಾತ್ರ. ಕೊಲಾಬಾದ್ದು ಎಸ್-ಬ್ಯಾಂಡ್, ಸುಮಾರು 10 ಸೆಂ.ಮೀ. ತರಂಗ. ಅದರ ಮುಂದೆ ಹನಿ ಬಹಳ ಚಿಕ್ಕದು. ಹನಿಯ ಅಡ್ಡಳತೆ ಅರ್ಧವಾದರೆ ವಾಪಸ್ ಬರುವ ಶಕ್ತಿ 64 ಪಟ್ಟು ಕಡಿಮೆ. ಜಿಟಿಜಿಟಿ ಮಳೆಯಲ್ಲಿ ಎಲ್ಲವೂ ಸಣ್ಣ ಹನಿಗಳೇ.

ಪಣಜಿ ಪಡುವಣ:
ದೊಡ್ಡ ಡಿಶ್ ಹಾಕಿದರೆ ಆಗಲ್ವಾ? ಇಂಗ್ಲೆಂಡಿನ ಚಿಲ್ಬೋಲ್ಟನ್‌ನಲ್ಲಿ ಸಂಶೋಧನೆಗೆ 25 ಮೀಟರ್ ಡಿಶ್ ಇದೆಯಲ್ಲ?

ಡೊಂಬಿವಲಿ ಡಿಶ್:
ಡಿಶ್ ದೊಡ್ಡದಾದಷ್ಟೂ ಕಿರಣ ಸಪೂರ. ಮಾಮೂಲಿ 1 ಡಿಗ್ರಿ ಕಿರಣ ಪುಣೆ ತಲುಪುವಾಗ 2 ಕಿ.ಮೀ. ದಪ್ಪ ಆಗಿರುತ್ತದೆ. ಚಿಲ್ಬೋಲ್ಟನ್‌ನ ಕಿರಣ ಅಷ್ಟೇ ದೂರದಲ್ಲಿ ಸುಮಾರು 600 ಮೀಟರ್. ಮೋಡದ ಪದರ ಬಿಡಿಸಿ ನೋಡುವುದಕ್ಕೆ ಭರ್ಜರಿ. ಆದರೆ ಅದನ್ನು ತಂದು ಕೊಲಾಬಾದಲ್ಲಿಟ್ಟರೂ ಬೆಟ್ಟ ಕರಗಲ್ಲ, ಭೂಮಿ ಚಪ್ಪಟೆ ಆಗಲ್ಲ.

ನನ್ನ ಪ್ರಕಾರ ದೊಡ್ಡ ಡಿಶ್‌ಗಿಂತ ಒಳ್ಳೆ ಜಾಗ ಮುಖ್ಯ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಎಕ್ಸ್-ಬ್ಯಾಂಡ್ ರೇಡಾರನ್ನು ಮಾಂಢರದೇವಿ ಬೆಟ್ಟದ ಮೇಲೆ ಇಟ್ಟರು. ಘಟ್ಟದ ಕುಳ್ಳ ಮೋಡ ಅಲ್ಲಿಂದ ಹತ್ತಿರ. ತರಂಗ ಬರೀ 3 ಸೆಂ.ಮೀ. ಹಾಗಾಗಿ ಜೋರು ಮಳೆ ಅಡ್ಡ ಬಂದರೆ ಅದರ ಹಿಂದಿನ ಮಳೆ ಮಂಕಾಗುತ್ತದೆ.

ಕೋಥ್ರೂಡ್ ಕನ್ನಡಿಗ:
ಮ್ಯಾಕ್ಸ್-ಜೆಡ್ ಚಿತ್ರ ನೋಡಿದರೆ ಸಿಗುತ್ತದಾ ಸರ್?

ಡೊಂಬಿವಲಿ ಡಿಶ್:
ಇಲ್ಲ. ಅದು ಎಲ್ಲ ಎತ್ತರಗಳಲ್ಲಿ ಜಾಸ್ತಿ ಇರುವುದನ್ನು ತೋರಿಸುತ್ತದೆ. ಕಿರಣ ಮುಟ್ಟದ ಕಡೆ ಅದಕ್ಕೂ ಏನೂ ಗೊತ್ತಿಲ್ಲ. ಮಳೆಗಾಲದಲ್ಲಿ ಪಾಷಾಣ್, ಶಿವಾಜಿನಗರದ ಮಳೆಮಾಪಕದ ಅಂಕಿ ನೋಡಿ. ಮೇ ತಿಂಗಳ ಗುಡುಗು ಮಳೆಗಾದರೆ ಕೊಲಾಬಾ ಚಿತ್ರವೇ ಸಾಕು. ಆ ಮೋಡಗಳು 10 ಕಿ.ಮೀ. ದಾಟಿ ಏಳುತ್ತವೆ.